'ಗೌಡ್ರೇ' ಅಂದ್ರೆ ತಿರುಗಿ ನೋಡೋದು ಯಾರು?

ಹಬ್ಬಕ್ಕೆ ಊರಿಗೆ ಹೊರಟು, ಒಂದು ಶನಿವಾರ ಸಂಜೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕಾಲಿಡಲು ಜಾಗವಿಲ್ಲದಷ್ಟು ಜನ. ಹಿಂದಿನಿಂದ ಯಾರೋ ಜೋರಾಗಿ "ಗೌಡ್ರೇ..." ಅಂತ ಕೂಗಿದರು. ನಾನು ತಿರುಗಿದೆ. ಪಕ್ಕದಲ್ಲಿದ್ದವರೂ ತಿರುಗಿದರು. ಕಂಬಕ್ಕೆ ಒರಗಿದ್ದವರು, ಕಡ್ಲೆಕಾಯಿ ತಿನ್ನುತ್ತಿದ್ದವರು, ಹೆಂಡತಿ ಜೊತೆ ಜಗಳ ಆಡುತ್ತಿದ್ದವರು, ಹೀಗೆ ಒಟ್ಟು ಐದು ಜನ ತಿರುಗಿದೆವು. ಕೂಗಿದವರಿಗೆ ಬೇಕಾಗಿದ್ದದ್ದು ಆರನೆಯವರು. ಅವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ನಾವು ಐವರು ಮುಖ ಮುಖ ನೋಡಿಕೊಂಡು ನಕ್ಕೆವು. ಕಡ್ಲೆಕಾಯಿಯವರು ಸಿಪ್ಪೆ ಉದುರಿಸುತ್ತಾ ಹೇಳಿದರು: "ಎಲ್ರೂ ಗೌಡ್ರಾದ್ರೆ ಕಂದಾಯ ಕಟ್ಟೋರ್ ಯಾರಪ್ಪಾ?"

ಬಸ್ಸು ರಾಮನಗರ ದಾಟುವವರೆಗೂ ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಊರಿಗೆ ಒಬ್ಬ ಗೌಡ ಅನ್ನುವುದು ಹಿಂದಿನ ಲೆಕ್ಕ. ಊರಿನ ಮುಖ್ಯಸ್ಥ, ಕಂದಾಯ ವಸೂಲಿ ಮಾಡಿ ಕೊಡಬೇಕಾದವನು, ಜಗಳ ಬಿಡಿಸುವವನು, ಹಬ್ಬದಲ್ಲಿ ಮೊದಲ ವೀಳ್ಯ ತೆಗೆದುಕೊಳ್ಳುವವನು. ಅದು ಒಂದು ಕೆಲಸದ ಹೆಸರು. ಲೆಕ್ಕ ಬರೆಯುವ ಶಾನುಭೋಗ, ಕಾವಲಿನ ತಳವಾರ, ಊರ ಚಾಕರಿಯ ತೋಟಿ, ಗದ್ದೆಗೆ ನೀರು ಬಿಡುವ ನೀರುಗಂಟಿ ಇದ್ದ ಹಾಗೆ. ನನ್ನ ಮನೆತನದಲ್ಲಿ ಯಾರೂ ಗೌಡಿಕೆ ಮಾಡಿದವರಲ್ಲ. ತಾತನಿಗೆ ಇದ್ದದ್ದು ಎರಡೂವರೆ ಎಕರೆ ಗದ್ದೆ ಮತ್ತು ಒಂದು ಜೊತೆ ಎತ್ತು. ಊರಿನ ನಿಜವಾದ ಗೌಡರ ಮನೆ ಬೇರೆ ಇತ್ತು. ತೊಟ್ಟಿ ಮನೆ, ಮುಂದೆ ಎತ್ತರದ ಜಗಲಿ, ಹಲಸಿನ ಮರದ ಕಂಬ. ತಾತ ಏನಾದರೂ ಕೇಳಲು ಅಲ್ಲಿಗೆ ಹೋದರೆ ಜಗಲಿ ಮೇಲೆ ಕೂರುತ್ತಿರಲಿಲ್ಲ. ಮೆಟ್ಟಿಲ ಮೇಲೆ, ಅದೂ ಅರ್ಧ ಮೆಟ್ಟಿಲಿನ ತುದಿಯಲ್ಲಿ, ಹೆಗಲ ಮೇಲಿನ ಟವೆಲ್ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಅದೇ ತಾತನ ಹೆಸರಿನ ಕೊನೆಯಲ್ಲೂ 'ಗೌಡ' ಇತ್ತು. ಅಪ್ಪನ ಹೆಸರಿನಲ್ಲೂ ಇದೆ. ಈಗ ನನ್ನ ಆಫೀಸಿನ ಗುರುತಿನ ಚೀಟಿಯಲ್ಲೂ ಇದೆ.

ನನ್ನ ಚೀಟಿಗೆ ಅದು ಬಂದ ಕತೆ ಸಣ್ಣದು. ಶಾಲೆಯಲ್ಲಿ ನನಗಿದ್ದದ್ದು ಒಂದು ಹೆಸರು, ಮುಂದೆ ಎರಡು ಇನಿಷಿಯಲ್. ಒಂದು ಅರ್ಜಿಯಲ್ಲಿ 'ಕೊನೆಯ ಹೆಸರು' ಅನ್ನುವ ಖಾನೆ ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಸೈಬರ್ ಸೆಂಟರಿನ ಹುಡುಗ ನನ್ನನ್ನು ಕೇಳಲೂ ಇಲ್ಲ. ಅಪ್ಪನ ಹೆಸರಿನ ಬಾಲ ಕತ್ತರಿಸಿ ನನಗೆ ಅಂಟಿಸಿದ. ಅಷ್ಟೇ. ಸಾವಿರ ವರ್ಷದ ಒಂದು ಹುದ್ದೆ ನನಗೆ ಸಿಕ್ಕಿದ್ದು ಖಾಲಿ ಬಿಡಬಾರದ ಒಂದು ಖಾನೆಯ ದೆಸೆಯಿಂದ.

ಅಂಟು ಎಲ್ಲಿಯದು?

ಈ ಬಾಲ ಹೆಸರಿಗೆ ಹೇಗೆ ಅಂಟಿಕೊಂಡಿದೆ ಅಂತ ನೋಡಿದರೆ ಜಿಲ್ಲೆ ಹೇಳಬಹುದು. ನಮ್ಮ ಹಳೇ ಮೈಸೂರು ಕಡೆ 'ಏ' ಅಂಟು: ಬೋರೇಗೌಡ, ನಂಜೇಗೌಡ, ಚಿಕ್ಕೇಗೌಡ. ಉತ್ತರ ಕರ್ನಾಟಕದಲ್ಲಿ 'ನ' ಅಂಟು: ಬಸನಗೌಡ, ಶಿವನಗೌಡ, ಮಲ್ಲನಗೌಡ. ಉತ್ತರ ಕನ್ನಡದ ಹಾಲಕ್ಕಿ ಸಮುದಾಯದವರಲ್ಲಿ ಅಂಟೇ ಇಲ್ಲ, ನೇರ ಜೋಡಣೆ: ಬೊಮ್ಮಗೌಡ. ಇದು ನಾನು ಬಸ್ಸಿನಲ್ಲಿ ಕೂತು ಕಂಡುಕೊಂಡ ವ್ಯಾಕರಣ, ಪಂಡಿತರು ಕ್ಷಮಿಸಬೇಕು. ಆದರೆ ಪರೀಕ್ಷೆ ಮಾಡಿ ನೋಡಿ, ಹತ್ತರಲ್ಲಿ ಎಂಟು ಸಲ ಸರಿ ಹೋಗುತ್ತದೆ.

ಅಂಟು ಬದಲಾದ ಹಾಗೆ ಅರ್ಥವೂ ಬದಲಾಗುತ್ತದೆ, ಅದು ನನಗೆ ಕಾಲೇಜು ಹಾಸ್ಟೆಲಿನಲ್ಲಿ ಗೊತ್ತಾಯಿತು. ಬಾಗಲಕೋಟೆ ಕಡೆಯ ರೂಮ್‌ಮೇಟ್ ಮೊದಲ ದಿನವೇ ನನ್ನ ಹೆಸರು ಕೇಳಿ "ಓ, ಗೌಡ್ರ ಮನಿಯವ್ರು" ಅಂದ. ಒಂದು ವಾರ ನನಗೆ ಹೊಲ ಎಷ್ಟು, ವಾಡೆ ಎಷ್ಟು ದೊಡ್ಡದು ಅಂತೆಲ್ಲ ಕೇಳಿದ. ಎರಡೂವರೆ ಎಕರೆ ಅಂದಾಗ ಅವನ ಮುಖ ನೋಡಬೇಕಿತ್ತು. "ನಮ್ಮ ಕಡೆ ಗೌಡ್ರಂದ್ರ ಊರಿಗೆ ಒಂದೋ ಎರಡೋ ಮನಿ ಇರ್ತಾವ ಮಾರಾಯ. ನಿಮ್ಮಲ್ಲಿ ಊರಿಗೂರೇ ಗೌಡ್ರೇನು?" ಹೌದು, ನಮ್ಮಲ್ಲಿ ಹಾಗೇ. ಅವರಲ್ಲಿ ಗೌಡರು ಅಂದರೆ ಬಹಳ ಕಡೆ ಲಿಂಗಾಯತರು, ನಮ್ಮಲ್ಲಿ ಒಕ್ಕಲಿಗರು. ಅವರಲ್ಲಿ ಅದು ಮನೆತನದ ಮಾತು, ನಮ್ಮಲ್ಲಿ ಜಾತಿಯ ಮಾತು. ಸುಳ್ಯ ಮತ್ತು ಕೊಡಗಿನ ಅರೆಭಾಷೆಯವರಲ್ಲಿ ಅದು ಎರಡೂ ಹೌದು. ಜನಾಂಗಕ್ಕೂ ಗೌಡ ಅನ್ನುತ್ತಾರೆ, ಮದುವೆ ನಿಂತು ನಡೆಸಲು ಊರುಗೌಡ, ಅವರ ಜೊತೆಗೆ ಒತ್ತುಗೌಡ ಅಂತ ಬೇರೆ ಇರುತ್ತಾರೆ. ಅಂದರೆ ಗೌಡರೊಳಗೊಬ್ಬ ಗೌಡ. ಹಾಲಕ್ಕಿಗಳಲ್ಲೂ ಊರಗೌಡ ಇದ್ದಾನೆ, ಕೈಕೆಳಗೆ ಬುದವಂತ, ಕೋಲಕಾರ ಇದ್ದಾರೆ.

ಹಾಲಕ್ಕಿ ಅಂದಾಗ ಇಬ್ಬರು ಹೆಂಗಸರು ನೆನಪಾಗುತ್ತಾರೆ. ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡ, ಗಿಡಗಳ ಜೊತೆ ಬದುಕಿದ ತುಳಸಿ ಗೌಡ. ಇಬ್ಬರೂ ಅಂಕೋಲಾ ತಾಲ್ಲೂಕಿನವರು, ಇಬ್ಬರಿಗೂ ಪದ್ಮಶ್ರೀ ಬಂತು. 2021ರ ನವೆಂಬರಿನಲ್ಲಿ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಹೋದ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಹಾಲಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಬಹಳ ವರ್ಷದಿಂದ ಕೇಳುತ್ತಿದ್ದಾರೆ. ಹೆಸರಿನಲ್ಲಿ ಊರೊಡೆಯನ ಪದವಿ, ಕೈಯಲ್ಲಿ ಬುಡಕಟ್ಟು ಅಂತ ಒಪ್ಪಿಕೊಳ್ಳಿ ಅನ್ನುವ ಅರ್ಜಿ. ಪಕ್ಕದ ಗೋವಾದಲ್ಲಿ ಗಾವಡಾ ಅನ್ನುವ ಜನರಿಗೆ 2003ರಲ್ಲೇ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಬೆಂಗಳೂರಿನಲ್ಲಿ ಕಾರಿನ ಹಿಂದಿನ ಗಾಜಿಗೆ ದೊಡ್ಡದಾಗಿ 'ಗೌಡ' ಅಂತ ಬರೆಸಿಕೊಂಡು ಹೋಗುವ ಹುಡುಗರನ್ನು ನೋಡಿದಾಗೆಲ್ಲ ನನಗೆ ಈ ಬರಿಗಾಲು ನೆನಪಾಗುತ್ತದೆ.

ಕಲ್ಲಿನಲ್ಲಿದ್ದವನು

ಹಳೆಯ ಶಾಸನಗಳಲ್ಲಿ ಈ ಮನುಷ್ಯ ಗಾವುಂಡ, ಗಾಮುಂಡ, ಗವುಂಡ, ಗವುಡ ಅಂತೆಲ್ಲ ಕಾಣಿಸಿಕೊಳ್ಳುತ್ತಾನೆ. ಕೆರೆ ಕಟ್ಟಿಸುತ್ತಾನೆ, ದೇವಸ್ಥಾನಕ್ಕೆ ಬಿಟ್ಟ ಭೂಮಿಗೆ ಸಾಕ್ಷಿ ನಿಲ್ಲುತ್ತಾನೆ, ದನ ಹೊಡೆದುಕೊಂಡು ಹೋದವರ ಹಿಂದೆ ಓಡಿ ಸತ್ತು ವೀರಗಲ್ಲಾಗುತ್ತಾನೆ. ಒಂದು ಊರಿಗಾದರೆ ಊರ ಗಾವುಂಡ, ಹತ್ತಾರು ಊರಿನ ನಾಡಿಗಾದರೆ ನಾಳ್ಗಾವುಂಡ. ಉತ್ತರ ಕರ್ನಾಟಕದ ನಾಡಗೌಡ ಅನ್ನುವ ಅಡ್ಡಹೆಸರು ಅದರ ಮೊಮ್ಮಗ. ಬೆಂಗಳೂರು ಕಟ್ಟಿಸಿದ ಕೆಂಪೇಗೌಡರಿಗೆ ನಾಡಪ್ರಭು ಅನ್ನುತ್ತೇವಲ್ಲ, ಅದೂ ಅಲ್ಲೇ ಅಕ್ಕಪಕ್ಕದ ಮಾತು. ಇವತ್ತು ವಿಮಾನ ನಿಲ್ದಾಣ ಅವರ ಹೆಸರಿನದು, ಮೆಜೆಸ್ಟಿಕ್‌ನ ಬಸ್ ನಿಲ್ದಾಣ ಅವರದು, ಅದರ ಕೆಳಗಿನ ಮೆಟ್ರೋ ನಿಲ್ದಾಣವೂ ಅವರದು. ಪ್ರತಿಮೆಯೇ 108 ಅಡಿ. ಯಲಹಂಕದ ಒಬ್ಬ ಪಾಳೆಯಗಾರನಿಗೆ ಇಷ್ಟು ಸಿಕ್ಕಿದ್ದು ಸಂತೋಷವೇ. ಜನ ಮಾತ್ರ ಎಲ್ಲವನ್ನೂ ಏರ್‌ಪೋರ್ಟ್, ಮೆಜೆಸ್ಟಿಕ್ ಅಂತಲೇ ಕರೆಯುತ್ತಾರೆ.

ನನಗೆ ಇವರೆಲ್ಲರಿಗಿಂತ ಇಷ್ಟವಾಗುವವಳು ಜಕ್ಕಿಯಬ್ಬೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೇ ಶತಮಾನದ ಆರಂಭದ ಒಂದು ಶಾಸನವಿದೆ. ನಾಗರಖಂಡ ಎಪ್ಪತ್ತು ಅನ್ನುವ ನಾಡಿನ ನಾಳ್ಗಾವುಂಡ ನಾಗಾರ್ಜುನ ಸತ್ತಾಗ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ನಡೆಸಿಕೊಂಡು ಹೋದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ ಸಲ್ಲೇಖನ, ಅಂದರೆ ಉಪವಾಸವಿದ್ದು ಪ್ರಾಣ ಬಿಡುವ ಜೈನ ವ್ರತ, ತೆಗೆದುಕೊಂಡಳು. ಮಗನಿಗಲ್ಲ, ಮಗಳಿಗೆ! ಈಗ ಗೌಡತಿ ಅಂದರೆ ಗೌಡನ ಹೆಂಡತಿ, ಅಷ್ಟೇ. ಹುದ್ದೆ ಅವಳದಲ್ಲ. ಇದನ್ನು ನಮ್ಮೂರಿನ ಪಂಚಾಯಿತಿ ಅಧ್ಯಕ್ಷೆಗೆ ಹೇಳಬೇಕು ಅನ್ನಿಸುತ್ತದೆ, ಆದರೆ ಫೋನ್ ಮಾಡಿದರೆ ಎತ್ತುವುದು ಅವರ ಯಜಮಾನರು.

ಗೌಡ ಅಂದರೆ ಒಳ್ಳೆಯವನೇ ಅಂತಲೂ ಇಲ್ಲ. ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ 'ಕೆರೆಗೆ ಹಾರ'ದಲ್ಲಿ ಕೆರೆ ಕಟ್ಟಿಸಿದ ಮಲ್ಲನಗೌಡ ನೀರು ಬರಲಿಲ್ಲ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾನೆ. ನಮ್ಮ ಮೇಷ್ಟ್ರು ಅದನ್ನು ತ್ಯಾಗದ ಕತೆ ಅಂತ ಪಾಠ ಮಾಡಿದ್ದರು. ಊರಿನ ದೊಡ್ಡ ಮನೆ ತೀರ್ಮಾನ ಮಾಡಿತು, ಆ ಮನೆಯಲ್ಲಿ ಬಾಯಿ ಇಲ್ಲದವಳು ಅನುಭವಿಸಿದಳು ಅಂತ ನನಗೆ ಹೊಳೆಯಲು ಇಪ್ಪತ್ತು ವರ್ಷ ಹಿಡಿಯಿತು.

ನೀರುಗಂಟಿ ತಾತ

ನನಗೆ ಆಗ ಹತ್ತು ವರ್ಷ ಇರಬಹುದು. ಬೇಸಿಗೆ ರಜೆ. ತಾತನ ಜೊತೆ ಬೆಳಗಿನ ಜಾವ ಗದ್ದೆಗೆ ಹೋಗಿದ್ದೆ. ನಾಲೆ ನೀರಿನ ಸರದಿ ನಮ್ಮದಿತ್ತು. ತೂಬಿನ ಹತ್ತಿರ ನೀರುಗಂಟಿ ತಾತ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗುದ್ದಲಿಯಿಂದ ಮಣ್ಣು ತೆಗೆಯುತ್ತಿದ್ದರು. ತಲೆಗೆ ಒಂದು ಬಣ್ಣ ಹೋದ ವಸ್ತ್ರ, ಬಾಯಲ್ಲಿ ಬೀಡಿ. ನಮ್ಮನ್ನು ಕಂಡ ಕೂಡಲೇ ಬೀಡಿ ನೀರಿಗೆ ಬಿಸಾಕಿದರು. ಅರ್ಧ ಉಳಿದಿತ್ತು ಅದು. ತಲೆಯ ವಸ್ತ್ರ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡರು. "ಏನ್ ಚಿಕ್ಕಗೌಡ್ರು ಬಂದ್ಬುಟ್ಟವ್ರೆ ಇವತ್ತು" ಅಂತ ನನ್ನನ್ನು ನೋಡಿ ನಕ್ಕರು. ತಾತ "ಎಷ್ಟೊತ್ಗೆ ಬುಟ್ಟೀಯ್ಲಾ ನೀರಾ?" ಅಂದರು. ನೀರುಗಂಟಿ ತಾತ ನಮ್ಮ ತಾತನಿಗಿಂತ ಐದಾರು ವರ್ಷ ದೊಡ್ಡವರು. ಅವರಿಗೆ ಏಕವಚನ, ಹತ್ತು ವರ್ಷದ ನನಗೆ ಬಹುವಚನ.

ನಾನೇನು ಮಾಡಿದೆ? ಅವರನ್ನು ನೋಡಿ "ನೀರು ಬಿಡೋ, ಕಾಗದದ ದೋಣಿ ಬಿಡ್ಬೇಕು" ಅಂದೆ. ಬಿಡೋ! ಮನೆಯಲ್ಲಿ ಯಾವ ಮುದುಕರಿಗಾದರೂ ಹಾಗೆ ಅಂದಿದ್ದರೆ ಕೆನ್ನೆ ಊದುತ್ತಿತ್ತು. ಅವತ್ತು ತಾತ ಏನೂ ಅನ್ನಲಿಲ್ಲ. ನೀರುಗಂಟಿ ತಾತ ತೂಬು ಬಿಟ್ಟರು. ನನ್ನ ದೋಣಿ ತೇಲಿತು. ಬೀಡಿ ಮುಂದೆ ಮುಂದೆ, ದೋಣಿ ಹಿಂದೆ.

ತಾತ ಗೌಡರ ಮನೆ ಮೆಟ್ಟಿಲ ತುದಿಯಲ್ಲಿ ಟವೆಲ್ ಹಿಡಿದು ಕೂರುತ್ತಿದ್ದರು ಅಂದೆನಲ್ಲ. ಆ ಟವೆಲ್ಲಿಗೂ ಈ ತಲೆವಸ್ತ್ರಕ್ಕೂ ನಂಟಿದೆ ಅಂತ ಈಗ ಅನ್ನಿಸುತ್ತದೆ. ಮೇಲೆ ಬಗ್ಗಿದವರಿಗೆ ಕೆಳಗೆ ಬಗ್ಗಿಸಿಕೊಳ್ಳಲು ಯಾರಾದರೂ ಬೇಕಿತ್ತು. ಗೌಡಿಕೆ ಒಂದೇ ಮನೆಯದು, ಆದರೆ ಆ ಮಾತಿನ ಗತ್ತನ್ನು ಇಡೀ ಬೀದಿ ಹಂಚಿಕೊಂಡು ತಿಂದಿತು. ಹುದ್ದೆ ಇಲ್ಲದ, ಎರಡೂವರೆ ಎಕರೆ ಬಿಟ್ಟರೆ ಸಾಲ ಮಾತ್ರ ಇದ್ದ ನಮ್ಮಂಥ ಮನೆಗೂ ಕೆಳಗಿನ ಬೀದಿಯವರ ಬಾಯಲ್ಲಿ 'ಗೌಡ್ರು' ಆಗುವ ಸುಖ ಇತ್ತು. ಅದನ್ನು ಯಾವ ಸರ್ಕಾರವೂ ಕೊಟ್ಟಿರಲಿಲ್ಲ, ಹಾಗಾಗಿ ಕಿತ್ತುಕೊಳ್ಳಲೂ ಆಗಲಿಲ್ಲ.

ಸರ್ಕಾರ ಕೊಟ್ಟಿದ್ದನ್ನು ಸರ್ಕಾರ ಕಿತ್ತುಕೊಂಡಿತ್ತು, ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು, 1963ರ ಫೆಬ್ರುವರಿ 1ರಿಂದ ಜಾರಿಯಾಯಿತು. ಗೌಡಿಕೆ (ಸರ್ಕಾರದ ಮಾತಿನಲ್ಲಿ ಪಟೇಲಿಕೆ), ಶಾನುಭೋಗಿಕೆ ವಂಶದಿಂದ ವಂಶಕ್ಕೆ ಹೋಗುವುದು ನಿಂತಿತು. ಲೆಕ್ಕ ನೋಡಲು ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆಗೆಂದು ಬಿಟ್ಟಿದ್ದ ಇನಾಂ ಜಮೀನನ್ನು ಹುದ್ದೆಯಲ್ಲಿದ್ದವರಿಗೇ ಹಣ ಕಟ್ಟಿಸಿಕೊಂಡು ಮರುಮಂಜೂರು ಮಾಡಿದರು. ಕಾಗದದಲ್ಲಿ ಗೌಡನೂ ಹೋದ, ತೋಟಿಯೂ ಹೋದ. ಹುದ್ದೆ ಹೋದ ಮೇಲೆ ತೋಟಿ ಅಂತ ಹೆಸರಿಟ್ಟುಕೊಳ್ಳಲು ಯಾರೂ ಮುಗಿಬೀಳಲಿಲ್ಲ ಅನ್ನುವುದನ್ನು ಗಮನಿಸಿ. ಗೌಡ ಮಾತ್ರ ಊರಿಗೊಬ್ಬನಿದ್ದವನು ಮನೆಗೊಬ್ಬನಾದ.

ಅದಾಗಿ ಮೂವತ್ತಮೂರು ವರ್ಷಕ್ಕೆ, 1996ರ ಬೇಸಿಗೆಯಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದರು. ಅವರು ಬಿಟ್ಟ ಮುಖ್ಯಮಂತ್ರಿ ಕುರ್ಚಿಗೆ ಜೆ.ಎಚ್. ಪಟೇಲರು ಬಂದರು. ಊರು ಕರೆದರೆ ಗೌಡ, ಸರ್ಕಾರ ಕರೆದರೆ ಪಟೇಲ, ಎರಡೂ ಒಂದೇ ಕೆಲಸದ ಹೆಸರು! ರದ್ದಾದ ಒಂದು ಹಳ್ಳಿ ಹುದ್ದೆ ದೆಹಲಿಯನ್ನೂ ಬೆಂಗಳೂರನ್ನೂ ಒಟ್ಟಿಗೆ ಆಳಿತು ಅಂತ ನಮ್ಮ ಅಪ್ಪ ಇವತ್ತಿಗೂ ಹೇಳಿ ನಗುತ್ತಾರೆ. ಹಾಗಂತ ಗೌಡ ಅಂದ ಕೂಡಲೇ ಜಮೀನ್ದಾರ ಅಂದುಕೊಳ್ಳಬೇಡಿ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತವರಲ್ಲಿ ಮುಂದೆ ಇದ್ದವರು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು. ಭೂಒಡೆಯರ ಎದುರು ಒಬ್ಬ ಗೌಡ.

"ನೀವು ಗೌಡ್ರಾ?"

ಬೆಂಗಳೂರಿನಲ್ಲಿ ಈ ಮಾತಿಗೆ ಇನ್ನೊಂದಿಷ್ಟು ಉಪಯೋಗಗಳಿವೆ. ಸೊಪ್ಪು ಮಾರುವವರು, ಆಟೋದವರು, ಬಿರಿಯಾನಿ ಹೋಟೆಲಿನವರು ಮೀಸೆ ಸ್ವಲ್ಪ ದಪ್ಪ ಕಂಡರೆ "ಬನ್ನಿ ಗೌಡ್ರೇ" ಅನ್ನುತ್ತಾರೆ. ಬಾಸ್, ಗುರು, ಯಜಮಾನ್ರೇ ಇದ್ದ ಹಾಗೆ ಅದೂ ಒಂದು. ಯಾರೂ ಏಳಬೇಕಿಲ್ಲ, ಬೀಡಿ ಬಿಸಾಕಬೇಕಿಲ್ಲ. ಚಿಲ್ಲರೆ ಕೊಟ್ಟರೆ ಸಾಕು. ಈ ಅರ್ಥ ನನಗೆ ಬಹಳ ಇಷ್ಟ. ತೂಕವೇ ಇಲ್ಲ ಅದಕ್ಕೆ.

ಬಾಡಿಗೆ ಮನೆ ಹುಡುಕುವಾಗ ಅದೇ ಮಾತು ಬೇರೆ ಥರ ಬರುತ್ತದೆ. ಒಬ್ಬರು ಮಾಲೀಕರು ಅಡುಗೆಮನೆ ತೋರಿಸುತ್ತಾ, ನಲ್ಲಿ ತಿರುಗಿಸಿ ನೀರು ಬಿಡುತ್ತಾ, ಸುಮ್ನೆ ಕೇಳಿದ ಹಾಗೆ ಕೇಳಿದರು: "ನೀವು ಗೌಡ್ರಾ?" ನಾನು ಹೌದು ಅಂದೆ. ಹತ್ತು ತಿಂಗಳ ಅಡ್ವಾನ್ಸ್ ಎಂಟಕ್ಕೆ ಇಳಿಯಿತು. ಖುಷಿಯಾಗಿ ಕೀ ತೆಗೆದುಕೊಂಡು ಬಂದೆ. ಅದು ಯಾರ ಪಾಲಿನ ಎರಡು ತಿಂಗಳು ಅಂತ ಆವತ್ತು ಯೋಚನೆ ಮಾಡಲಿಲ್ಲ. ಇಲ್ಲ ಅಂದವರಿಗೆ ಬಹುಶಃ ನಲ್ಲಿಯಲ್ಲಿ ನೀರೇ ಬರುತ್ತಿರಲಿಲ್ಲ.

ಆಫೀಸಿನಲ್ಲಿ ಹೈದರಾಬಾದಿನ ಕಡೆಯ ಗೌಡ್ ಒಬ್ಬರಿದ್ದಾರೆ, ಕೊಯಮತ್ತೂರಿನ ಗೌಂಡರ್ ಒಬ್ಬರಿದ್ದಾರೆ. ನಾವು ಮೂವರೂ ಊಟದ ಟೇಬಲ್ಲಿನಲ್ಲಿ ಒಂದು ದಿನ ಹೆಸರಿನ ಲೆಕ್ಕ ಹಾಕಿದೆವು. ಗೌಂಡರ್ ತಮ್ಮ ಕೊಂಗು ನಾಡಿನ ಹೊಲ, ತೆಂಗಿನ ತೋಟದ ಕತೆ ಹೇಳಿದರು. ತೆಲಂಗಾಣದವರು "ನಮ್ಮಲ್ಲಿ ಗೌಡ್ ಅಂದರೆ ಈಚಲು ಮರ, ತಾಳೆ ಮರ ಹತ್ತಿ ಕಳ್ಳು ಇಳಿಸುವವರು, ನನ್ನ ತಾತ ದಿನಕ್ಕೆ ಎರಡು ಹೊತ್ತು ಮರ ಹತ್ತುತ್ತಿದ್ದರು" ಅಂದರು. ಕಳ್ಳು ಯಾವ ಹೊತ್ತಿನಲ್ಲಿ ಸಿಹಿ, ಯಾವ ಹೊತ್ತಿಗೆ ಹುಳಿ ಅಂತ ವಿವರಿಸಿದರು. ಮೂವರಲ್ಲಿ ಕುಲಕಸುಬಿನ ಬಗ್ಗೆ ಒಂದಿಷ್ಟಾದರೂ ಗೊತ್ತಿದ್ದದ್ದು ಅವರಿಗೇ. ಸೂಪರ್ ಮಾರ್ಕೆಟಿನಲ್ಲಿ ಕಾಣುವ ಗೌಡಾ ಚೀಸ್ ಬಗ್ಗೆಯೂ ಜೋಕು ಆಯಿತು, ಆಗಲೇಬೇಕಲ್ವಾ. ಅದು ಡಚ್ಚರ ಒಂದು ಪಟ್ಟಣದ ಹೆಸರು, ಅವರು ಅದನ್ನು 'ಖೌಡಾ' ಅನ್ನುತ್ತಾರೆ. ನಮಗೂ ಅದಕ್ಕೂ ಸಂಬಂಧವಿಲ್ಲ, ಅದರ ಬೆಲೆಗಂತೂ ಇಲ್ಲವೇ ಇಲ್ಲ.

ನೀರುಗಂಟಿ ತಾತನ ಮೊಮ್ಮಗನೂ ಬೆಂಗಳೂರಿನಲ್ಲೇ ಇದ್ದಾನೆ. ಏಳನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಬೆಂಚು. ಶಾಲೆಯ ಕಾಂಪೌಂಡಿನ ಒಳಗೆ ಅವನು ನನ್ನನ್ನು "ಲೋ" ಅನ್ನುತ್ತಿದ್ದ, ಗೇಟು ದಾಟಿದರೆ ಏನೂ ಅನ್ನುತ್ತಿರಲಿಲ್ಲ. ಹೆಸರು ಹಿಡಿಯದೆ ಮಾತಾಡುವುದರಲ್ಲಿ ಅವನು ನಿಪುಣ. ಈಗ ಪೀಣ್ಯದಲ್ಲಿ ಕೆಲಸ, ನನಗಿಂತ ಜಾಸ್ತಿ ಸಂಬಳ, ಇಬ್ಬರು ಮಕ್ಕಳು. ತಿಂಗಳಿಗೊಮ್ಮೆ ಸಿಗುತ್ತೇವೆ. ಸಿಕ್ಕಿದ ಕೂಡಲೇ ಅವನ ಮೊದಲ ಮಾತು "ಏನ್ ಗೌಡ್ರೇ, ಕಾಫಿನಾ ಟೀನಾ?" ದನಿಯಲ್ಲಿ ತಮಾಷೆ ತುಂಬಿರುತ್ತದೆ. ಬಿರಿಯಾನಿ ಹೋಟೆಲಿನ ಗೌಡ್ರೇ ಥರದ್ದೇ. ಆದರೂ ಅವನ ಬಾಯಲ್ಲಿ ಅದು ಬಂದರೆ ನನಗೆ ತೂಬಿನ ಹತ್ತಿರದ ಬೀಡಿ ಕಾಣುತ್ತದೆ. ಒಂದು ಸಲ ತಡೆಯಲಾರದೆ ಹೇಳಿಬಿಟ್ಟೆ. "ಹೆಸ್ರು ಹಿಡ್ದು ಕರಿಯೋ ಮಾರಾಯ."

ಅವನು ಬನ್ ಅದ್ದುತ್ತಿದ್ದವನು ಹಾಗೇ ನಿಲ್ಲಿಸಿದ. "ಇಲ್ಲಿ ಕರೀತೀನಿ ಬಿಡು, ಅದೇನ್ ಕಷ್ಟ. ಊರಲ್ಲಿ ಆಗಲ್ಲ" ಅಂದ. ಯಾಕೆ ಅಂತ ಕೇಳಿದೆ. "ಅಪ್ಪ ಇರ್ತಾರೆ ಪಕ್ಕದಲ್ಲಿ. ಆಮೇಲೆ ಮನೇಲಿ ಅವ್ರು ಬೈಸ್ಕೊಬೇಕು, ನಾನಲ್ಲ" ಅಂದ. ಬಿಲ್ ಅವನೇ ಕೊಟ್ಟ. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಫೋನು ಟಣ್ ಅಂದಿತ್ತು.

ಆ ಶನಿವಾರ ಬಸ್ಸಿಳಿದಾಗ ರಾತ್ರಿ ಒಂಬತ್ತಾಗಿತ್ತು. ಅರಳಿಕಟ್ಟೆ ಹತ್ತಿರ ಲೈಟು ಕಟ್ಟುತ್ತಿದ್ದರು. ಅವನೂ ಹಬ್ಬಕ್ಕೆ ಬಂದಿದ್ದ, ಅಪ್ಪನ ಪಕ್ಕ ನಿಂತಿದ್ದ. ನನ್ನನ್ನು ಕಂಡು ಅವನ ಅಪ್ಪ ಕಟ್ಟೆಯಿಂದ ಎದ್ದರು. ಎದ್ದೇಳಬೇಡಿ ಅಂತ ನಾನು ಕೈ ಆಡಿಸಿದೆ, ಅವರು ನಿಂತೇ ಇದ್ದರು. ಅವನು ನನ್ನ ಕಡೆ ನೋಡಿದ.

"ಯಾವಾಗ್ ಬಂದ್ರಿ ಗೌಡ್ರೇ?" ಅಂದ.

"ಈಗ್ ತಾನೇ" ಅಂದೆ. ಇಬ್ಬರೂ ನಗಲಿಲ್ಲ.